ಎಣ್ಣೆ ಕಂಡ ಬಾಗಿಲು

ಶಿರಾ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ಬಡಗಿ ನಬೀ ಸಾಬ್‌ರ ಕಿವಿ, ಬಾಗಿಲಿನ ಮಾತು ಬಂದದ್ದೇ ನಿಮಿರಿತು. ಪಕ್ಕದಲ್ಲಿ ಯಶಸ್ವಿನಿ ಎಂಬ ಕಾಲೇಜು ಹುಡುಗಿ ದೊಡ್ಡಮ್ಮನಿಗೆ ನೋಟ್ಸ್ ಒಪ್ಪಿಸುತ್ತಿದ್ದಳು.

“ಗಾಥಿಕ್ ಕಥೆ ಬರೆಯೋರು ಮೊದ್ಲೇ ದೆವ್ವ ತರಲ್ಲ ದೊಡ್ಡಮ್ಮ. ಪಾಳು ಬಂಗ್ಲೆ, ಕಿರ್ರ್ ಅನ್ನೋ ಬಾಗ್ಲು, ಅಷ್ಟಕ್ಕೇ ಓದೋರ ಎದೆ ಝಲ್ ಅಂತದೆ.”

“ನಮ್ಮನೆ ಬಾಗ್ಲು ಇಪ್ಪತ್ತು ವರ್ಸದಿಂದ ಕಿರ್ರ್ ಅಂತದೆ. ಬೆಕ್ಕೂ ಹೆದರ್ಲಿಲ್ಲ ಕಣಮ್ಮ.”

“ಹೆದರ್ಸೋದೂ ಒಂದು ಕಲೆ.”

“ಎಣ್ಣೆ ಬುಟ್ರೆ ಮುಗೀತು ಆ ಕಲೆ. ಬೆಳಿಗ್ಗೆ ನಿಮ್ಮಪ್ಪ ಬುಟ್ಟವ್ನೆ.”

“ಅಪ್ಪನಾ? ಈಗ್ಯಾಕೆ?”

“ನಾಳೆ ಪಾವಗಡದೋರು ನಿನ್ನ ನೋಡೋಕೆ ಬತ್ತಾವ್ರೆ.”

“ನಾಳೆ ನಂಗೆ ಎಕ್ಸಾಮು!”

“ಈಗ ನಿನ್ನ ಎದೆ ಝಲ್ ಅಂದ್ತಾ? ನಡಿ, ಬಸ್ ಬಂತು.”

ಇಬ್ಬರೂ ಹತ್ತಿದರು. ಬಸ್ಸಿನ ಬಾಗಿಲು ಕಿರ್ರ್ ಎಂದಿತು. ಎಣ್ಣೆ ಕಾಣದ ಆ ಸದ್ದು, ಕಿರ್ರ್ ಅಂದರೆ ಸಿಡುಕುತ್ತಿದ್ದ ನಬೀ ಸಾಬ್‌ರಿಗೆ ಜೀವಮಾನದಲ್ಲಿ ಮೊದಲ ಸಲ ಹಿತವೆನಿಸಿತು.