ಇಲ್ಲದ ಕಂಪ್ಯೂಟರನ್ನು ಹುಡುಕುವ ಕಂಪ್ಯೂಟರು

ಅದೊಂದನ್ನ ಮುಟ್ಟಬೇಡ, ನಂಜೇಶಪ್ಪ. ಬೇರೆ ಏನು ಬೇಕಾದ್ರೂ ಬಿಚ್ಚು. ಫ್ಯಾನು ಬಿಚ್ಚು, ಧೂಳು ಊದು, ಆ ಡಬ್ಬದೊಳಗೆ ಕೈ ಹಾಕಿ ಏನು ಕೀಳ್ತೀಯೋ ಕೀಳು... ಸ್ಕ್ರೀನ್ ಮೇಲೆ ಕೆಂಪು ಗುರುತು ಬಿದ್ದಿದೆಯಲ್ಲ, ಆ ಝಡ್ ಡ್ರೈವ್ ಮಾತ್ರ ಹಾಗೇ ಇರಲಿ.

ಯಾಕೆ ಹಾಗೆ ನೋಡ್ತೀಯ? ನಿನಗಿಂತ ಮುಂಚೆ ಬಂದೋರೂ ಅದನ್ನೇ ಹೇಳಿದ್ರು. ‘ಅದನ್ನ ತೆಗೆದುಬಿಟ್ರೆ ಸರಿಹೋಗುತ್ತೆ ಚಲುವಮ್ಮ’ ಅಂತ. ತೆಗೆಯೋದಾಗಿದ್ರೆ ನಾನೇ ತೆಗೀತಿದ್ದೆ, ನನಗೇನು ಬರಲ್ವಾ? ನಂಜನಗೂಡಿಂದ ಈ ನರಸೀಪುರಕ್ಕೆ ನಿನ್ನನ್ನ ಬಸ್ಸು ಹತ್ತಿಸಿ ಕರೆಸಿದ್ದು ಯಾಕೆ ಮತ್ತೆ? ಅದೂ ಇರಬೇಕು, ಮಿಷನ್ನೂ ಓಡಬೇಕು. ಅಷ್ಟೇ ಕೆಲಸ.

ನೋಡು... ನೋಡು, ನಿಂತೇಹೋಯ್ತು. ನಾನು ಸೇವ್ ಒತ್ತಿದೆ ಅಷ್ಟೇ. ಬಂತು ಮರಳು ಗಡಿಯಾರ. ಇನ್ನು ಇದು ಅಲ್ಲಾಡಲ್ಲ. ಮೌಸ್ ಎಳೆದ್ರೂ ಅಷ್ಟೇ, ಬೈದ್ರೂ ಅಷ್ಟೇ. ಬೆಳಿಗ್ಗೆ ಗುರುಮಲ್ಲಪ್ಪನೋರು ನೀನು ಕೂತಿರೋ ಸ್ಟೂಲಲ್ಲೇ ಕೂತಿದ್ರು. ಅವರ ತಾಯಿಯ ಶಿವಗಣಾರಾಧನೆ ಕಾರ್ಡು. ಕಾದರು, ಕಾದರು... ‘ಚಲುವಮ್ಮ, ನಮ್ಮವ್ವ ಪ್ರಾಣ ಬಿಡೋಕೂ ಇಷ್ಟು ಹೊತ್ತು ತಗೊಳ್ಳಲಿಲ್ಲ ಕಣಮ್ಮ’ ಅಂದ್ರು.

ನಗಬೇಡ. ಅವರು ನಗಲಿಲ್ಲ. ಸಂಜೆಗೆ ಕಾರ್ಡು ಕೈಗೆ ಬರದಿದ್ರೆ ಬಸ್ ಸ್ಟ್ಯಾಂಡ್ ಹತ್ರ ಹೊಸ ಅಂಗಡಿಗೆ ಕೊಡ್ತೀನಿ ಅಂತ ಹೇಳಿ ಎದ್ದುಹೋದ್ರು. ಈಚೆಗೆ ಹೀಗೇ, ಒಬ್ಬೊಬ್ಬರೇ ಆ ಕಡೆ ತಿರುಗಿಕೊಳ್ತಿದ್ದಾರೆ. ಇನ್ನೊಂದಿಷ್ಟು ದಿನ ಹೀಗೇ ಆದ್ರೆ ನಾನು ಬಾಗಿಲು ಎಳೆದುಕೊಂಡು ಮನೆಗೆ ಹೋಗೋದೇ.

ಏನು? ಆ ಡ್ರೈವೇ ಇಲ್ಲ ಅಂತೀಯಾ? ಯಾರು ಹೇಳಿದ್ದು? ಇದೆ. ಸದ್ಯಕ್ಕೆ ಇಲ್ಲಿಲ್ಲ, ಅಷ್ಟೇ. ಆ ಪಕ್ಕದ ಟೇಬಲ್ ಖಾಲಿ ಇದೆಯಲ್ಲ, ಅದು ರೋಜಾದು. ನನ್ನ ಜೊತೆ ಕೆಲಸ ಮಾಡೋಳು, ಮೂಗೂರಿನ ಗೋವಿಂದಯ್ಯನ ಮಗಳು. ಅವಳ ಕಂಪ್ಯೂಟರ್ ಅಲ್ಲಿತ್ತು. ದೊಡ್ಡ ಡಿಸ್ಕು ಅದಕ್ಕೆ. ನಂದು ಹಳೇದು, ಜಾಗ ಸಾಲದು. ನಾನು ಇಲ್ಲಿ ಟೈಪ್ ಮಾಡಿದ್ದು ಈ ನೀಲಿ ವೈರಲ್ಲಿ ಹೋಗಿ ಅವಳ ಡಿಸ್ಕಲ್ಲಿ ಕೂರೋದು. ನನ್ನ ಕಡೆ ಅದಕ್ಕೆ ಝಡ್ ಅಂತ ಹೆಸರಿಟ್ಟಿದ್ಲು. ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲ ಅಲ್ಲೇ. ಈಗ ಅದು ರಿಪೇರಿಗೆ ಹೋಗಿದೆ, ಮೈಸೂರಿಗೆ. ರೋಜಾನೂ ಮದುವೆಯಾಗಿ ರಜದಲ್ಲಿದ್ದಾಳೆ. ಇಬ್ಬರೂ ಒಟ್ಟಿಗೆ ಬರ್ತಾರೆ.

ನೀನು ಹೇಳೋದು ಅರ್ಥವಾಗುತ್ತಪ್ಪ. ನಾನು ಏನು ಒತ್ತಿದ್ರೂ ಈ ಮಿಷನ್ನು ಮೊದಲು ಆ ಮಿಷನ್ನನ್ನ ಹುಡುಕಿಕೊಂಡು ಹೋಗುತ್ತೆ. ಅದು ಓ ಅನ್ನಲ್ಲ. ಓ ಅನ್ನೋ ತನಕ ಇದು ಬಾಗಿಲಲ್ಲಿ ನಿಂತೇ ಇರುತ್ತೆ, ಬೇರೆ ಕೆಲಸ ಮುಟ್ಟಲ್ಲ. ಅಷ್ಟೇ ತಾನೆ? ತಿಳೀತು. ತಿಳಿಯದೆ ಕೆಟ್ಟದ್ದು ಒಂದೇ. ಈ ಸ್ಕ್ರೀನ್ ಮೇಲೆ ಸಾಲಾಗಿ ಕಾಣ್ತಾವಲ್ಲ ಕಾರ್ಡುಗಳು, ಇವೆಲ್ಲ ನನ್ನ ಹತ್ರವೇ ಇವೆ ಅಂದ್ಕೊಂಡಿದ್ದೆ. ಒಂದೊಂದರ ಮೂಲೇಲೂ ಸಣ್ಣ ಬಾಣ ಇದೆ ನೋಡು, ಅದು ಚಂದಕ್ಕೆ ಹಾಕಿದ್ದು ಅಂದ್ಕೊಂಡಿದ್ದೆ. ವೈರು ಬಿಚ್ಚಿದ ಮೇಲೆ ಗೊತ್ತಾಯ್ತು, ಇವು ಕಾರ್ಡುಗಳಲ್ಲ, ಕಾರ್ಡು ಎಲ್ಲಿದೆ ಅಂತ ಬೆರಳು ತೋರಿಸೋವು ಅಷ್ಟೇ ಅಂತ.

ನಗು, ನಗು. ಶಾಲೆ ಮೆಟ್ಟಿಲು ಹತ್ತಿದೋಳಲ್ಲ ನಾನು. ಪ್ರೆಸ್ಸಲ್ಲಿ ಕಸ ಗುಡಿಸ್ತಾ, ನೆಲಕ್ಕೆ ಬಿದ್ದ ಅಚ್ಚಿನ ಮೊಳೆ ಆರಿಸಿ ಖಾನೆಗೆ ಹಾಕ್ತಾ ಅಕ್ಷರ ಕಲಿತೆ. ಮೊಳೆ ಮೇಲೆ ಅಕ್ಷರ ತಿರುಗುಮುರುಗಾಗಿರುತ್ತೆ. ಅದೇ ಅಭ್ಯಾಸವಾಗಿ, ನೆಟ್ಟಗೆ ಬರೆದದ್ದು ಕಂಡ್ರೆ ತಡವರಿಸ್ತಿದ್ದೆ. ಆಮೇಲೆ ಸಿಕ್ಕಿದ್ದೆಲ್ಲ ಓದಿದೆ. ಪ್ರೂಫು, ಪಂಚಾಂಗ, ಬೋಂಡಾ ಕಟ್ಟಿಕೊಟ್ಟ ಕಾಗದ... ಪ್ರೆಸ್ಸು ಮುಚ್ಚಿದಾಗ ಗಂಡಸರೆಲ್ಲ ಹೆಗಲ ಮೇಲೆ ಟವಲ್ ಹಾಕ್ಕೊಂಡು ಮನೆಗೆ ಹೋದ್ರು. ನಾನು ಈ ಅಂಗಡಿ ಹಾಕಿದೆ. ಯಾರ ಮುಂದೆಯೂ ಕೈಚಾಚಿದೋಳಲ್ಲ. ಬರೆದಿಟ್ಕೋ.

ಮೌಸ್ ಹಿಡಿಯೋದು ಕಲಿಸಿದ್ದು ಮಾತ್ರ ರೋಜಾ. ನನ್ನ ಕೈ ಮೇಲೆ ಕೈ ಇಟ್ಟು... ‘ಹಿಂಡಬೇಡಿ ಅಕ್ಕಾ, ಅದೇನು ನಿಂಬೆಹಣ್ಣಾ’ ಅಂತಿದ್ಲು. ಒಕ್ಕಣೆ ನಾನು ಗಟ್ಟಿಯಾಗಿ ಓದೋದು, ಅವಳು ಅಲ್ಲಿಂದ ತಿದ್ದೋದು. ಶಿವಗಣಾರಾಧನೆಗೆ ಹೇಗೆ ಬರೀಬೇಕು ಅಂತ ನಾನು ಹೇಳಿಕೊಟ್ಟೆ. ಅವರ ಕಡೆ ಬುದ್ಧನ ಮುಂದೆ ಮದುವೆ ಆಗೋರಿಗೆ ಹೇಗೆ ಬರೀಬೇಕು ಅಂತ ಅವಳು ಹೇಳಿಕೊಟ್ಲು. ಸುತ್ತಮುತ್ತ ಯಾರ ಮನೇಲಿ ಏನು ಕಾರ್ಯ ಆದ್ರೂ ನಮ್ಮಿಬ್ಬರ ಕೈ ದಾಟಿಯೇ ಹೋಗ್ತಿತ್ತು.

ಆಯ್ತಪ್ಪ, ಸಿ ಡ್ರೈವಲ್ಲಿ ಸ್ವಲ್ಪ ಜಾಗ ಮಾಡಿಕೊಡ್ತೀಯ, ಹೊಸದಾಗಿ ಟೈಪ್ ಮಾಡಿ ಅಲ್ಲಿಡಬಹುದು. ಯಾರು ಇಲ್ಲ ಅಂದ್ರು? ಆದ್ರೆ ಅವಳು ವಾಪಸ್ ಬಂದ ದಿನ ವೈರು ಚುಚ್ಚಿದ ತಕ್ಷಣ ಎಲ್ಲ ಮೊದಲಿನ ಹಾಗೇ ಸಿಗಬೇಕು. ‘ಏನಕ್ಕಾ, ನನ್ನನ್ನ ತೆಗೆದೇ ಹಾಕಿದ್ರಾ’ ಅಂತ ಅವಳು ಕೇಳೋ ಹಾಗಾಗಬಾರದು. ಅದಕ್ಕೇ ಹೇಳ್ತಿರೋದು, ಅದು ಇರಲಿ ಅಂತ.

ಯಾಕೆ ಮುಖ ಆ ಕಡೆ ತಿರುಗಿಸಿದೆ?

ಅಲ್ಲ, ಆಗಿಂದ ನೋಡ್ತಿದ್ದೀನಿ. ಮೈಸೂರಲ್ಲಿ ಯಾರ ಹತ್ರ ರಿಪೇರಿಗೆ ಕೊಟ್ಟಿದ್ದೀರಿ, ಏನಾಗಿತ್ತು ಅದಕ್ಕೆ ಅಂತ ನೀನು ಒಂದು ಮಾತೂ ಕೇಳಲಿಲ್ಲ. ರಿಪೇರಿಯವನಲ್ವಾ ನೀನು? ಅದನ್ನೇ ಮೊದಲು ಕೇಳ್ತಾರೆ ಯಾರಾದ್ರೂ.

ಗೊತ್ತು ನಿನಗೆ. ನಂಜನಗೂಡಲ್ಲಿ ಅವಳ ಹೊಸ ಅಂಗಡಿಗೆ ಅದನ್ನ ಜೋಡಿಸಿಕೊಟ್ಟೋನು ನೀನೇ.

ಸರಿ. ನನಗೂ ಗೊತ್ತು, ಸಾಕಾ? ಈ ಊರಲ್ಲಿ ರಿಪೇರಿಯವರಿಗೇನು ಬರಗಾಲ ಇಲ್ಲ. ಅಷ್ಟು ದೂರದಿಂದ ನಿನ್ನನ್ನೇ ಕರೆಸಿದ್ದೀನಿ ಅಂದ್ರೆ... ಒಂದು ಮಾತು ನೀನಾಗಿ ಹೇಳ್ತೀಯೇನೋ ಅಂತ ಕಾಯ್ತಿದ್ದೆ. ಅಕ್ಕ ಹೇಗಿದ್ದಾರೆ ಅಂತ ಕೇಳಿದ್ಲು ಅಂತಲೋ, ಏನೋ ಒಂದು.

ಜಗಳ ಗಿಗಳ ಏನೂ ಇಲ್ಲ ಕಣಪ್ಪ. ಮಿಷನ್ನು ಅವಳದು, ಅವಳ ಹೆಸರಲ್ಲೇ ತಗೊಂಡಿದ್ದು. ಗಂಡನ ಊರು ನಂಜನಗೂಡು, ಅಲ್ಲಿ ಸ್ವಂತಕ್ಕೆ ಅಂಗಡಿ ಹಾಕಬೇಕು ಅಂತ ಆಸೆ. ಹಾಕಲಿ. ನಾನು ಹಾಕಲಿಲ್ವಾ? ಆಟೋಗೆ ಮಾನಿಟರ್ ಇಡೋವಾಗ ನಾನೇ ಕೆಳಗೆ ದಿಂಬು ಕೊಟ್ಟೆ. ಜನ ಕೇಳಿದಾಗ ರಿಪೇರಿ ಅಂತ ಹೇಳ್ದೆ. ಹೇಳ್ತಾ ಹೇಳ್ತಾ ಹಾಗೇ ಆಯ್ತು. ಅಂಗಡಿ ತೆರೆದದ್ದೂ, ನೀನು ಜೋಡಿಸಿಕೊಟ್ಟದ್ದೂ ಬಸ್ ಕಂಡಕ್ಟರ್ ಕಲ್ಲಯ್ಯ ಹೇಳಿಯೇ ಗೊತ್ತಾಗಿದ್ದು ನನಗೆ. ಆ ಕಡೆ ನಾನು ತಲೆ ಹಾಕಿಯೂ ಮಲಗಿಲ್ಲ. ಯಾಕೆ ಹೋಗ್ಲಿ? ಬೇಕಾದೋರು ಅವರೇ ಬರಬೇಕು.

ಮತ್ತೆ ಆ ನೋಟ. ಏನು ನಂಜೇಶಪ್ಪ?

ನೀನು... ಅವತ್ತು ಅವಳ ಅಂಗಡಿ ಒಳಗಿದ್ದೆಯಾ?

ಟೇಬಲ್ ಕೆಳಗೆ ಕೂತು ವೈರು ಕಟ್ಟುತ್ತಿದ್ದೋನು ನೀನೇನಾ? ನನಗೆ ಬರೀ ಕಾಲು ಕಾಣಿಸ್ತಿತ್ತು. ಗಂಡನಿರಬೇಕು ಅಂದ್ಕೊಂಡಿದ್ದೆ.

ಹೌದು, ಬಂದಿದ್ದೆ. ಎದುರಿನ ಹೂವಿನ ಅಂಗಡಿ ಪಕ್ಕ ನಿಂತಿದ್ದೆ. ಅಂಗಡಿ ಹೇಗಿಟ್ಟಿದ್ದಾಳೆ ನೋಡೋಣ ಅಂತ. ಬೋರ್ಡು ಚೆನ್ನಾಗಿದೆ, ಒಂದೂ ತಪ್ಪಿಲ್ಲ. ಎರಡು ಮೊಳ ಮಲ್ಲಿಗೆ ತಗೊಂಡೆ, ಒಳಗೆ ಹೋಗಿ ಕೊಡೋಣ ಅಂತಲೇ. ಆಮೇಲೆ... ಕರೆಯದೆ ಹೇಗೆ ಹೋಗೋದು ಅನ್ನಿಸ್ತು. ಹೂವು ಮುಡ್ಕೊಂಡು ಬಸ್ಸು ಹತ್ತಿದೆ.

ಅವಳು ನೋಡಲಿಲ್ಲ ತಾನೆ? ಅವಳ ಮುಖ ಸ್ಕ್ರೀನ್ ಕಡೆಗಿತ್ತು.

ನೋಡಲಿಲ್ಲ ಅಲ್ವಾ?

ಹೇಳಪ್ಪ. ಸ್ಕ್ರೂಡ್ರೈವರ್ ತಿರುಗಿಸ್ತಾ ಕೂತ್ರೆ ನಾನು ಏನಂತ ತಿಳ್ಕೊಳ್ಳಿ...

ಹಾಗಾದ್ರೆ ನೋಡಿದ್ದಾಳೆ. ನೋಡಿ... ಸ್ಕ್ರೀನ್ ಕಡೆ ತಿರುಗಿಕೊಂಡ್ಲು.

ಬೇಡ. ಸಮಾಧಾನ ಹೇಳಬೇಡ, ನನಗದು ಒಗ್ಗಲ್ಲ. ಮೌಸ್ ಇತ್ತ ಕೊಡು. ಆ ಝಡ್ ಮೇಲೆ ಬಲಗಡೆ ಒತ್ತಿದ್ರೆ ಬರುತ್ತಲ್ಲ, ಡಿಸ್‌ಕನೆಕ್ಟ್ ಅಂತ. ನನಗೆ ಬರುತ್ತೆ, ಕೈ ತೆಗಿ ನೀನು.

ಒತ್ತಿದೆ.

ನೋಡು, ಮತ್ತೆ ನಿಂತ್ಕೊಂಡಿತು. ತೆಗೆದುಹಾಕೋಕೂ ಒಂದು ಸಲ ಅವಳನ್ನ ಹುಡುಕಿಯೇ ಬರಬೇಕೇನೋ ಇದಕ್ಕೆ. ಇರಲಿ, ಹುಡುಕಲಿ. ಕೂತ್ಕೋ ನೀನು.

ನಂಜನಗೂಡಲ್ಲಿ ಅವಳೇನಾದ್ರೂ ಕೇಳಿದ್ರೆ, ಚಲುವಮ್ಮ ಕೈಯಾರೆ ತಾನೇ ತೆಗೆದ್ಲು ಅಂತ ಹೇಳು. ಇಷ್ಟು ಹೊತ್ತು ಹಿಡೀತು ಅಂತ ಮಾತ್ರ ಹೇಳಬೇಡ.