ಅತ್ತಿಗೆ ಹೇಳಿದ ದಾರಿ

ಆ ಟ್ಯೂಬ್‌ಲೈಟ್ ಹಾಗೇ ಇರ್ಲಿ, ಆರಿಸ್ಬೇಡಿ. ಹೂಂ, ನಗಿ, ನಗಿ. ಇಡೀ ರಾತ್ರಿ ಆಸ್ಪತ್ರೆ ಚಾದರ ಮಡಚೋ ಹುಡುಗೀರು ನೀವು, ನಿಮಗೆ ಯಾವ ದೆವ್ವ ಲೆಕ್ಕ! ಆದ್ರೆ ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಆಗಿದ್ದು. ಇದೇ ಲಾಂಡ್ರಿಯ ವ್ಯಾನ್ ಓಡಿಸ್ತಿದ್ದ ಅಣ್ಣ. ಅರ್ಧ ನನ್ನ ಕಣ್ಣೆದುರಿಗೇ ಆಗಿದ್ದು. ಡ್ರೈಯರ್ ನಿಲ್ಲೋಕೆ ಇನ್ನೂ ನಲವತ್ತು ನಿಮಿಷ ಇದೆ. ಮಧ್ಯ ಬಾಯಿ ಹಾಕಿದ್ರೆ ಅಲ್ಲಿಗೇ ನಿಲ್ಲಿಸ್ತೀನಿ, ನನ್ನ ಸ್ವಭಾವ ಗೊತ್ತಲ್ಲ.

ರಾತ್ರಿ ಒಂದು ಗಂಟೆ ಇರ್ಬೇಕು. ಅಣ್ಣ ಕೊನೇ ಟ್ರಿಪ್ ಮುಗಿಸಿ, ವ್ಯಾನ್ ಈ ಅಂಗಳದಲ್ಲೇ ನಿಲ್ಲಿಸಿ, ಮನೆಗೆ ನಡ್ಕೊಂಡು ಹೊರಟಿದ್ದ. ಹಿಂದಿನ ಓಣಿ ಇದ್ಯಲ್ಲ, ಪಾಳು ಬಾವಿ ಇರೋದು, ಮೇಲೆ ಕಬ್ಬಿಣದ ಜಾಲರಿ ಮುಚ್ಚಿರೋದು... ಅದೇ ದಾರಿ. ಹತ್ತು ನಿಮಿಷದ ನಡಿಗೆ. ಅವತ್ತು ಓಣೀಲಿ ಒಂದು ನಾಯಿ ಕೂಡ ಇರ್ಲಿಲ್ಲ. ಅವನ ಚಪ್ಪಲಿ ಸದ್ದು ಮಾತ್ರ. ಚರ್... ಚರ್... ಬಾವಿ ಹತ್ರ ಬಂದ. ಅಷ್ಟರಲ್ಲಿ ಅಂಗಿ ಜೇಬಿಂದ ಮೆಲ್ಲಗೆ ಒಂದು ಧ್ವನಿ.

"ಇನ್ನೂರು ಮೀಟರ್ ಆದ್ಮೇಲೆ... ಎಡಕ್ಕೆ ರೀ."

ಅಣ್ಣ ನಿಂತಲ್ಲೇ ನಿಂತ. ಅದು ನಮ್ಮ ಅತ್ತಿಗೆ ಧ್ವನಿ. ಅತ್ತಿಗೆ ಸತ್ತು ಆಗ್ಲೇ ಐದು ತಿಂಗಳಾಗಿತ್ತು.

ತಾಳ್ರೇ, ಕಿರುಚಬೇಡಿ! ಜೇಬಲ್ಲಿ ಇದ್ದಿದ್ದು ಏನು ಅಂತ ಮೊದ್ಲು ಕೇಳಿ.

ಆಗ ನಮ್ಮ ಅಣ್ಣನ ಹತ್ರ ಇದ್ದಿದ್ದು ಬಟನ್ ಫೋನು. ದಾರಿ ತೋರಿಸೋಕೆ ಒಂದು ಜಿಪಿಎಸ್ ಡಬ್ಬಿ ತಗೊಂಡಿದ್ದ. ಅಂಗೈಯಷ್ಟಗಲ. ವ್ಯಾನಿನ ಮುಂದಿನ ಗಾಜಿಗೆ ರಬ್ಬರಿನ ಬಟ್ಟಲು ಒತ್ತಿ ಅಂಟಿಸೋದು, ಗಾಡಿ ಬಿಡುವಾಗ ಕಿತ್ತು ಜೇಬಿಗೆ ಹಾಕ್ಕೊಳ್ಳೋದು. ಬಿಟ್ಟು ಹೋದ್ರೆ ಬೆಳಗ್ಗೆ ಗಾಜೂ ಇರಲ್ಲ, ಡಬ್ಬೀನೂ ಇರಲ್ಲ, ಹಾಗಿತ್ತು ಆಗ. ಅದ್ರಲ್ಲಿ ಒಂದು ಸೌಕರ್ಯ ಇತ್ತು. ಯಂತ್ರದ ಧ್ವನಿ ಬೇಡ ಅಂದ್ರೆ ನಮ್ಮದೇ ಧ್ವನಿ ತುಂಬ್ಬೋದು. ನಲವತ್ತು ಮಾತು ಇರುತ್ತೆ. ಎಡಕ್ಕೆ, ಬಲಕ್ಕೆ, ಇಷ್ಟು ಮೀಟರ್, ಬಂತು, ಹೀಗೆ. ಒಂದೊಂದಾಗಿ ಗುಂಡಿ ಒತ್ತಿ ಹೇಳ್ಬೇಕು. ಆಮೇಲೆ ಬೇಕಾದ್ದನ್ನ ಬೇಕಾದಾಗ ಅದೇ ಜೋಡಿಸ್ಕೊಂಡು ಹೇಳುತ್ತೆ.

ಅತ್ತಿಗೆಗೆ ಇಂಥದ್ದು ಸಿಕ್ಕಿದ್ರೆ ಕೇಳ್ಬೇಕಾ! ಒಂದು ಭಾನುವಾರ ಅಡುಗೆಮನೆ ನೆಲದ ಮೇಲೆ ಕೂತು, ಹೊರಗಿನ ಗಲಾಟೆ ಕೇಳಿಸ್ಬಾರ್ದು ಅಂತ ತಲೆ ಮೇಲೆ ಕಂಬಳಿ ಹೊದ್ಕೊಂಡು ಎಲ್ಲಾ ಹೇಳಿದ್ಲು. ನಾನು ಅಲ್ಲೇ ಬಾಗಿಲ ಹತ್ರ ಕೂತು ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ. "ಎಡಕ್ಕೆ ರೀ" ಅಂದಾಗ ಅವಳ ಮಡಿಲಿಂದ ಚಮಚ ಜಾರಿ ನೆಲಕ್ಕೆ ಬಿತ್ತು. ಠಣ್! ಅದೂ ಸೇರ್ಕೊಂಡ್ಬಿಡ್ತು. ಅಲ್ಲಿಂದ ಆ ಡಬ್ಬಿ ಎಡಕ್ಕೆ ಅಂದಾಗೆಲ್ಲ ಹಿಂದೇನೇ ಠಣ್. ದಾರಿ ತಪ್ಪಿದ್ರೆ ಹೇಳೋ ಮಾತೊಂದಿತ್ತು. ನಮ್ಮಣ್ಣ ದಾರಿ ತಪ್ಪೋದ್ರಲ್ಲಿ ಎತ್ತಿದ ಕೈ. ಅದಕ್ಕೇ ಅವಳು ಅದನ್ನ ಮನಸ್ಸಿಟ್ಟು ಹೇಳಿದ್ಲು. "ಅಯ್ಯೋ, ಮತ್ತೆ ತಪ್ಪಿದ್ರಾ? ತಾಳಿ, ಬೇರೆ ದಾರಿ ನೋಡ್ತೀನಿ." ಕೊನೇಲಿ ನಗು ತಡೆಯೋಕಾಗದೆ ಮೂಗಲ್ಲಿ ಫುಸ್ ಅಂದಿದ್ದು ಕೂಡ ಅದ್ರಲ್ಲಿತ್ತು.

ಆಮೇಲೆ ಜ್ವರ ಬಂತು. ಎದೇಲಿ ನೀರು ತುಂಬ್ಕೊಳ್ತು ಅಂದ್ರು. ಎಂಟೇ ದಿನ. ಆ ಎಂಟು ದಿನ ನಾನೇ ಪಕ್ಕದಲ್ಲಿದ್ದೆ. ಮಂಚದಿಂದ ಬಚ್ಚಲಿಗೆ ನಾಲ್ಕು ಹೆಜ್ಜೆ. ಅಷ್ಟಕ್ಕೇ ಗೋಡೆ ಹಿಡ್ಕೊಂಡು ನಿಂತ್ಬಿಡೋಳು. ಹ್ಹಾ... ಹ್ಹಾ... ಅಂತ ಉಸಿರು. "ತಾಳೇ, ಒಂದು ನಿಮಿಷ" ಅನ್ನೋಳು. ಒಂಬತ್ತನೇ ದಿನ ಇರ್ಲಿಲ್ಲ.

ಅವಳು ಹೋದ್ಮೇಲೆ ಅಣ್ಣ ಅಳ್ಲಿಲ್ಲ, ಕೂಗಾಡ್ಲಿಲ್ಲ. ಹನ್ನೊಂದನೇ ದಿನಕ್ಕೆ ವ್ಯಾನ್ ಹತ್ತಿದ. ಆದ್ರೆ ಬರ್ತಾ ಬರ್ತಾ ಎಲ್ಲಾ ಕಡೆ ತಡ. ಇಪ್ಪತ್ತು ನಿಮಿಷದ ಆಸ್ಪತ್ರೆಗೆ ಒಂದೂವರೆ ಗಂಟೆ. ಚಾದರ ಬಂದಿಲ್ಲ, ಆಪರೇಷನ್ ಬಟ್ಟೆ ಬಂದಿಲ್ಲ ಅಂತ ಫೋನ್ ಮೇಲೆ ಫೋನ್. ಆಗಿನ ಸೂಪರ್‌ವೈಸರ್‌ಗೆ ನಾವು ಗಡಿಯಾರ ಅಂತಾನೇ ಕರೀತಿದ್ವಿ, ಆ ಮನುಷ್ಯ ಬಾತ್‌ರೂಮಿಗೆ ಹೋದ್ರೂ ಟೈಮ್ ನೋಡೋನು. ಅವನು ಕುಣಿದಾಡಿಬಿಟ್ಟ. "ನಿಮ್ಮಣ್ಣನ ಜೊತೆ ಹೋಗಿ ಏನ್ ನಡೀತಿದೆ ನೋಡ್ಕೊಂಡ್ಬಾಮ್ಮ" ಅಂತ ನನ್ನನ್ನೇ ವ್ಯಾನ್ ಹತ್ತಿಸಿದ.

ಹೋದೆ. ಆಸ್ಪತ್ರೆ ತಿರುವು ಬಂತು. ಡಬ್ಬಿ ಹೇಳ್ತು, "ಎಡಕ್ಕೆ ರೀ." ಠಣ್. ಅಣ್ಣ ಸೀದಾ ಹೋದ. "ಅಯ್ಯೋ, ಮತ್ತೆ ತಪ್ಪಿದ್ರಾ? ತಾಳಿ, ಬೇರೆ ದಾರಿ ನೋಡ್ತೀನಿ." ಸುತ್ತು ಹಾಕಿ ಮತ್ತೆ ಅದೇ ತಿರುವು. ಮತ್ತೆ ಸೀದಾ. ಮೂರನೇ ಸಲ ನಂಗೆ ತಡೀಲಿಲ್ಲ.

"ಅಣ್ಣ, ನಿಂಗೇನು ತಲೆ ಕೆಟ್ಟಿದ್ಯಾ? ಹನ್ನೆರಡು ವರ್ಷದಿಂದ ಬರೋ ಆಸ್ಪತ್ರೆ ದಾರಿ ಗೊತ್ತಿಲ್ವಾ?"

"ಗೊತ್ತು. ಸುಮ್ನೆ ಕೂತ್ಕೋ."

ಗಾಜಿನ ಮೇಲಿನ ಡಬ್ಬಿ ಬೈತಾನೇ ಇತ್ತು. ಅಣ್ಣನ ಮುಖ ನೋಡಿದೆ. ಬೈಸ್ಕೊಳ್ತಾ ಇದ್ದ ಕಣ್ರೇ. ಬೇಕಂತಲೇ ದಾರಿ ತಪ್ಪಿಸಿ ತಪ್ಪಿಸಿ ಬೈಸ್ಕೊಳ್ತಾ ಇದ್ದ. ನಂಗೆ ಕೋಪ ಎಲ್ಲಿ ಹೋಯ್ತೋ, ಸೆರಗು ಬಾಯಿಗೆ ತುರುಕ್ಕೊಂಡು ಅತ್ತೆ.

ಆದ್ರೆ ಕೆಲಸ ಉಳೀಬೇಕಲ್ಲ? ಇನ್ನೊಂದು ಸಲ ತಡ ಆದ್ರೆ ವ್ಯಾನ್ ಬೇರೆಯವರಿಗೆ ಅಂತ ಗಡಿಯಾರ ಹೇಳಿಬಿಟ್ಟಿದ್ದ. ನಾನು ಅಣ್ಣನ ಕೈಯಲ್ಲಿ ಮಾತು ತಗೊಂಡೆ. ಗಾಡೀಲಿ ಆ ಡಬ್ಬಿ ಹಾಕೋ ಹಾಗಿಲ್ಲ. ಅವನು ಏನೂ ವಾದ ಮಾಡ್ಲಿಲ್ಲ. ಅವತ್ತೇ ಅದನ್ನ ಆಫ್ ಮಾಡಿ, ಕರ್ಚೀಫಲ್ಲಿ ಸುತ್ತಿ, ಜೇಬಿಗೆ ಹಾಕ್ಕೊಂಡ. ನಾನು ಮೊದ್ಲು ಹೇಳಿದ್ನಲ್ಲ, ಬಾವಿ ಹತ್ರ ಜೇಬಿಂದ ಧ್ವನಿ ಬಂತು ಅಂತ... ಅದು ಅದೇ ರಾತ್ರಿ. ಆಫ್ ಆಗಿದ್ದ ಡಬ್ಬಿ.

ನಂಗಿದು ಆಗ ಗೊತ್ತಿರ್ಲಿಲ್ಲ. ಬಟ್ಟೆ ಸರಿಯಾದ ಟೈಮಿಗೆ ಹೋಗ್ತಿತ್ತು, ಗಡಿಯಾರ ಖುಷಿ, ನಾನೂ ಖುಷಿ. ಹದಿನೈದು ದಿನ ಕಳೀತು. ಒಂದಿನ ಬೆಳಗ್ಗೆ ಅಣ್ಣ ಸ್ಟೇರಿಂಗ್ ಮೇಲೇ ನಿದ್ದೆ ಹೋಗಿ ಆಸ್ಪತ್ರೆ ಗೇಟಿನ ಕಂಬಕ್ಕೆ ವ್ಯಾನ್ ತಗುಲಿಸಿದ. ಒಂದು ಮೊಳ ಆ ಕಡೆ ಹೋಗಿದ್ರೆ ವೀಲ್‌ಚೇರಲ್ಲಿ ಕೂತಿದ್ದ ಮುದುಕಿ ಮೇಲೇ ಹೋಗ್ತಿತ್ತು. ನಾನು ಅವನ ಕಾಲು ನೋಡಿದೆ. ಹೊಸ ಚಪ್ಪಲಿ, ಅಟ್ಟೆ ಸವೆದು ಕಾಗದ ಆಗಿದೆ. ಹಿಮ್ಮಡಿ ಒಡೆದು ರಕ್ತ.

"ರಾತ್ರಿ ಎಲ್ಲಿಗೆ ಹೋಗ್ತೀಯ?" ಅಂದೆ.

ದಿನಾ ರಾತ್ರಿ ಬಾವಿ ಹತ್ರ ಜೇಬಿಂದ ಅವಳ ಧ್ವನಿ ಬರೋದು, ಬೆಳಗಾಗೋ ತನಕ ಇವನು ನಡೀತಾನೇ ಇರೋದು, ಎಲ್ಲಾ ಹೇಳ್ದ.

ನಾನು ನಂಬಿದ್ನಾ? ಇಲ್ಲ. ಹುಚ್ಚು ಹಿಡೀತು ಇವನಿಗೆ ಅಂದ್ಕೊಂಡೆ. ಅವತ್ತು ರಾತ್ರಿ ಕೆಲಸ ಮುಗಿಸಿ ಅವನ ಜೊತೇಲೇ ಹೊರಟೆ. ಡಬ್ಬಿ ನಾನೇ ಇಸ್ಕೊಂಡು ನೋಡಿದೆ. ಪರದೆ ಕಪ್ಪಗೆ. ಗುಂಡಿ ಒತ್ತಿದ್ರೂ ಬೆಳಕಿಲ್ಲ, ಬ್ಯಾಟರಿ ಸತ್ತಿತ್ತು. ಅವನ ಜೇಬಿಗೆ ನಾನೇ ಹಾಕಿದೆ.

ಬಾವಿ ಹತ್ರ ಬಂದ್ವಿ. ಅಣ್ಣ ನನ್ನ ಮುಂಗೈ ಹಿಡ್ಕೊಂಡ.

"ಈಗ ಬರ್ತಾಳೆ. ಮಾತಾಡ್ಬೇಡ."

ಜಾಲರಿ ಮೇಲೆ ಒಂದು ಎಲೆ ಉರುಳ್ತು. ಸರ್ರ್... ಆಮೇಲೆ...

"ಇನ್ನೂರು ಮೀಟರ್ ಆದ್ಮೇಲೆ... ಎಡಕ್ಕೆ ರೀ."

ನಾನು ಕಾದೆ. ಠಣ್ ಬರುತ್ತೆ ಅಂತ ಕಾದೆ.

ಬರ್ಲಿಲ್ಲ.

"ಅಣ್ಣ... ಚಮಚ..." ಅಂದೆ.

"ಗೊತ್ತು. ಮೊದಲ್ನೇ ದಿನದಿಂದ್ಲೂ ಇಲ್ಲ."

"ಎಲ್ಲಿಗೆ ಕರ್ಕೊಂಡು ಹೋಗ್ತಾಳೆ?"

"ಮನೆಗೇ ಕಣೇ. ನಮ್ಮ ಮನೆಗೇ."

"ಮತ್ತೆ ಹೋಗ್ಬಾರ್ದಾ?"

"ಹೋಗ್ಬಿಟ್ರೆ ಮಾತು ನಿಂತ್ಹೋಗುತ್ತಲ್ಲ."

ಎಡ ತಿರುವು ಬಂತು. ಅಣ್ಣ ಬಲಕ್ಕೆ ತಿರುಗಿದ. ಬೀಗ ಹಾಕಿದ ಅಂಗಡಿಗಳ ಸಾಲು, ಒಂದೇ ಒಂದು ಬೀದಿದೀಪ. ಜೇಬಿಂದ ಬಂತು. "ಅಯ್ಯೋ... ಮತ್ತೆ ತಪ್ಪಿದ್ರಾ... ತಾಳಿ..." ಅಷ್ಟಕ್ಕೇ ನಿಂತ್ಹೋಯ್ತು. ಬೇರೆ ದಾರಿ ನೋಡ್ತೀನಿ ಅನ್ನೋದು ಇಲ್ಲ. ಫುಸ್ ಅನ್ನೋ ನಗೂ ಇಲ್ಲ. ಅದರ ಬದಲು... ಹ್ಹಾ... ಹ್ಹಾ... ಹ್ಹಾ...

ಆ ಉಸಿರು ನಂಗೆ ಗೊತ್ತು ಕಣ್ರೇ. ಎಂಟು ದಿನ ಕೇಳಿದ್ದೀನಿ. ಗೋಡೆ ಹಿಡ್ಕೊಂಡು ನಿಂತಾಗ ಬರ್ತಿದ್ದ ಉಸಿರು ಅದು. ಮತ್ತೆ ಅದು ಜೇಬಿಂದ ಬರ್ತಿರ್ಲಿಲ್ಲ. ನಮ್ಮ ಹಿಂದಿಂದ ಬರ್ತಿತ್ತು. ನಾಲ್ಕು ಮಾರು ದೂರದಲ್ಲಿ, ಬರಿಗಾಲು ನೆಲಕ್ಕೆ ತಾಗೋ ಸದ್ದು. ಥಪ್... ಥಪ್... ಸ್ವಲ್ಪ ನಿಂತು... ಥಪ್. ತಿರುಗಿ ನೋಡಿದ್ಯಾ ಅಂತ ಕೇಳ್ಬೇಡಿ. ನೋಡ್ಲಿಲ್ಲ. ನಂಗೇನು ಹುಚ್ಚಾ?

ಹೆದರಿಕೆ ಆಯ್ತಾ? ಆಯ್ತು. ಆದ್ರೆ ಹೆದರಿಕೆಗಿಂತ ಹೆಚ್ಚಾಗಿ ಅಣ್ಣನ ಮೇಲೆ ಕೆಂಡದಂಥ ಕೋಪ ಬಂತು. ಅವನ ಅಂಗಿ ಹಿಡಿದು ನಿಲ್ಲಿಸಿದೆ.

"ಅವಳಿಗೆ ಸುಸ್ತಾಗ್ತಿದೆ ಕಣೋ," ಅಂದೆ. "ಹದಿನೈದು ದಿನದಿಂದ ಅವಳನ್ನ ಊರೆಲ್ಲಾ ನಡೆಸ್ತಿದ್ದೀಯ. ನಿನ್ನನ್ನ ಮನೆ ಮುಟ್ಟಿಸ್ಬೇಕು ಅಂತ ಬರ್ತಿದ್ದಾಳೆ, ನೀನು ಆಡಿಸ್ತಿದ್ದೀಯ. ಕೇಳು ಆ ಉಸಿರು... ಕೇಳಿಸ್ಕೋ!"

ಅವನು ಕೇಳಿಸ್ಕೊಂಡ. ಅಷ್ಟು ದಿನ ಮಾತು ಮಾತ್ರ ಕೇಳ್ತಿದ್ದ ಅನ್ಸುತ್ತೆ, ಉಸಿರು ಕೇಳಿರ್ಲಿಲ್ಲ. ಅಲ್ಲೇ ಅಂಗಡಿ ಮೆಟ್ಟಿಲ ಮೇಲೆ ಕುಸಿದು ಕೂತ. ಐದು ತಿಂಗಳಲ್ಲಿ ಮೊದಲ್ನೇ ಸಲ ಅತ್ತ.

"ಮನೆ ಸೇರಿದ್ರೆ ನಾನೊಬ್ನೇ ಆಗ್ತೀನಲ್ಲೇ."

"ಆಗ್ತೀಯ ಅಣ್ಣ. ನಾನಿದ್ದೀನಿ, ಅವರಿದ್ದಾರೆ ಅಂತ ಸುಳ್ಳು ಹೇಳಲ್ಲ. ಒಬ್ನೇ ಆಗ್ತೀಯ. ಏಳು."

ಎದ್ದ. ಮುಖ ಒರೆಸ್ಕೊಂಡ. "ಹೇಳು," ಅಂದ, ಜೇಬಿಗೆ.

"ಹಿಂದಕ್ಕೆ ತಿರುಗಿ ರೀ."

ತಿರುಗಿದ್ವಿ. ಕಣ್ಣು ನೆಲಕ್ಕೆ ನೆಟ್ಟೇ ನಡೆದೆ. ಎದುರಿಗೆ ಯಾರ ಕಾಲೂ ಕಾಣ್ಲಿಲ್ಲ. ಎಡಕ್ಕೆ ಅಂದ್ಲು, ಎಡಕ್ಕೆ ಹೋದ. ಸೀದಾ ಅಂದ್ಲು, ಸೀದಾ ಹೋದ. ಒಂದೂ ತಪ್ಪಲಿಲ್ಲ. ಒಂದೊಂದು ಮಾತಿಗೂ ಮುಂಚೆ ಅಷ್ಟುದ್ದ ಉಸಿರು. ನಾವೂ ನಿಧಾನ ಮಾಡಿದ್ವಿ, ಅವಳಿಗೆ ಆಗ್ಲಿ ಅಂತ. ಮನೆ ಬಾಗಿಲು ಬಂತು. ಅಣ್ಣ ಬೀಗದ ಕೈ ಹಾಕೋವಾಗ...

"ಬಂತು ನೋಡಿ..." ಒಂದು ಕ್ಷಣ ಏನೂ ಇಲ್ಲ. "...ಇಳೀರಿ."

ಅಷ್ಟೇ. ಅಣ್ಣ ಹೊಸ್ತಿಲ ಮೇಲೆ ನಿಂತು, "ಒಳಗೆ ಬರ್ತೀಯಾ?" ಅಂತ ಕೇಳ್ದ. ಯಾರೂ ಏನೂ ಹೇಳ್ಲಿಲ್ಲ.

ನಾನು ಅಲ್ಲೇ ಉಳ್ಕೊಂಡೆ. ಆ ಹೊತ್ತಲ್ಲಿ ಆ ಓಣೀಲಿ ಒಬ್ಳೇ ಹೋಗೋಕೆ ನಂಗೇನು ಜೀವ ಬೇಡ್ವಾ? ಡಬ್ಬಿ ಕಪಾಟಿನ ಮೇಲಿಟ್ವಿ. ಚಿಲಕ ನಾನೇ ಹಾಕಿದೆ, ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿ ನಾನೇ ಮಲಗಿದೆ. ಅಣ್ಣ ಗೊರಕೆ ಹೊಡೆದು ನಿದ್ದೆ ಮಾಡ್ದ. ನಂಗೆ ರೆಪ್ಪೆ ಅಂಟಲಿಲ್ಲ. ಬೆಳಗಿನವರೆಗೂ ಯಾರೂ ಎದ್ದಿಲ್ಲ, ಬಾಗಿಲು ತೆಗೆದಿಲ್ಲ, ಡಬ್ಬಿ ಮುಟ್ಟಿಲ್ಲ. ಇದನ್ನ ಯಾವ ಕೋರ್ಟಲ್ಲಿ ಬೇಕಾದ್ರೂ ಹೇಳ್ತೀನಿ.

ಬೆಳಗ್ಗೆ ಅಣ್ಣ ಅದನ್ನ ಚಾರ್ಜಿಗೆ ಹಾಕ್ದ. ಬೆಳಕು ಬಂತು. ಅದ್ರಲ್ಲಿ ಏನಂದ್ರೆ, ಹೋದ ದಾರಿ ನಕ್ಷೆ ಮೇಲೆ ಚುಕ್ಕಿ ಚುಕ್ಕಿಯಾಗಿ ಉಳ್ಕೊಂಡಿರುತ್ತೆ. ಹತ್ತು ಸೆಕೆಂಡಿಗೊಂದು ಚುಕ್ಕಿ. ಜೋರಾಗಿ ಹೋದ್ರೆ ದೂರ ದೂರ, ನಿಧಾನಕ್ಕೆ ಹೋದ್ರೆ ಒತ್ತೊತ್ತಾಗಿ. ನೋಡಿದ್ವಿ. ಆ ರಾತ್ರೀದು, ಈ ಅಂಗಳದಿಂದ ಬಾವಿ, ಅಂಗಡಿ ಸಾಲು, ಅಲ್ಲಿಂದ ಹಿಂದಕ್ಕೆ, ಮನೆ. ಸತ್ತ ಬ್ಯಾಟರೀಲಿ ಅದು ಹೇಗೆ ಬರ್ಕೊಳ್ತೋ, ನನ್ನ ಕೇಳ್ಬೇಡಿ. ನಾವು ನಡೆದಿದ್ದು ಅಷ್ಟೇ.

ಚುಕ್ಕಿ ಅಲ್ಲಿಗೆ ನಿಂತಿರ್ಲಿಲ್ಲ.

ಮನೆ ಬಾಗಿಲಿಂದ ಮತ್ತೆ ಶುರುವಾಗಿತ್ತು, ವಾಪಸ್. ಒಂದಕ್ಕೊಂದು ಅಂಟ್ಕೊಂಡಂಗೆ, ಅಷ್ಟು ಒತ್ತಾಗಿ. ಬಂದ ದಾರಿ ಹಿಡಿಯೋಕೆ ಮೊದಲ ತಿರುವಲ್ಲಿ ಬಲಕ್ಕೆ ಹೋಗ್ಬೇಕಿತ್ತು, ಎಡಕ್ಕೆ ಹೋಗಿ, ದೂರ ಹೋಗಿ, ಹಿಂದಕ್ಕೆ ಬಂದಿತ್ತು. ಬಾವಿ ಹತ್ರ ಸುತ್ತಿ ಸುತ್ತಿ ಒಂದು ಗಂಟು. ಈ ಲಾಂಡ್ರಿ ಗೇಟಿನ ತನಕ ಬಂದು, ಮತ್ತೆ ತಪ್ಪಿ, ಮತ್ತೆ ತಿರುಗಿ... ರಸ್ತೆ ಮುಗಿದ್ಮೇಲೂ ಹೋಗಿತ್ತು. ನಕ್ಷೇಲಿ ಏನೂ ಇಲ್ಲದ ಬಿಳೀ ಜಾಗದಲ್ಲಿ ಹತ್ತು ಹನ್ನೆರಡು ಚುಕ್ಕಿ. ಆಮೇಲೆ ಇಲ್ಲ.

ಅಣ್ಣ ಆ ಪರದೆ ಮೇಲೆ ಕೈಯಿಟ್ಕೊಂಡು, "ಅವಳಿಗೆ ದಾರಿ ಹೇಳೋಕೆ ಯಾರೂ ಇರ್ಲಿಲ್ಲ," ಅಂದ.

ಕತೆ ಕಟ್ತಿಲ್ಲ ನಾನು. ಈ ಎರಡು ಕಣ್ಣಲ್ಲಿ ನೋಡಿದ್ದು. ಮೂರು ಕಡೆ ದಾರಿ ತಪ್ಪಿದ್ಲು ನಮ್ಮ ಅತ್ತಿಗೆ. ಮೂರು ಕಡೆ.