ಹಾರ್ನ್ ಹೊಡೆದರೆ ನಿಲ್ಲುವ ಹಾಡು

ಹುಮನಾಬಾದಿನಲ್ಲಿ ಹುಲಸೂರ ಬಸ್ಸಿಗೆ ಕಾಯುತ್ತಿದ್ದ ತುಳಜಾಬಾಯಿಯ ಕಿವಿಯೆಲ್ಲ ಪಕ್ಕದ ರೇಡಿಯೊ ರಿಪೇರಿ ಅಂಗಡಿಯ ಕಡೆಗೇ ಇತ್ತು. ಅಲ್ಲಿ ಮದುವೆ ಮೆರವಣಿಗೆಗೆ ಹೊರಟ ಜೀಪಿನವನೊಬ್ಬ ಅಂಗಡಿಯ ರಿಪೇರಿಗಾರ್ತಿ ಅನ್ವರಿಯ ಮುಂದೆ ನಿಂತಿದ್ದ.

“ಹಾರ್ನ್ ಹೊಡದ್ರ ಟೇಪ್ ಬಂದ್ ಆಗ್ತದ. ನಿಮ್ಮ ಗಂಡಗ ಕರೀರಿ.”

“ಅವರು ಮನ್ಯಾಗ ರೊಟ್ಟಿ ಮಾಡಾಕತ್ತಾರ. ಹಾರ್ನಿನ ವೈರಿಗೇ ಟೇಪ್ ಜೋಡಿಸೀರಿ. ಬ್ಯಾಟರಿಯಿಂದ ಬ್ಯಾರೆ ವೈರ್ ಎಳೀಬೇಕು.”

“ಗಾಡಿಗೆ ಹೆಣ್ಮಕ್ಕಳು ಕೈ ಹಚ್ಚೋದಾ?”

“ಹಂಗಾದ್ರ ಮದವಿ ಮೆರವಣಿಗ್ಯಾಗ ನೀವೇ ಹಾಡ್ಕೋತ ಹೋಗ್ರಿ.”

ಅವನು ಬಾನೆಟ್ ಎತ್ತಿದ. ಅನ್ವರಿ ಬಾನೆಟ್ಟಿನೊಳಗೆ ತಲೆ ಹಾಕಿದಳು.

“ಈಗ ಹೊಡೀರಿ.”

ಹಾರ್ನ್ ಕೂಗಿತು, ಹಾಡು ನಿಲ್ಲಲಿಲ್ಲ.

“ನಿಮ್ಮ ಗಂಡಗ ಶುಕ್ರಿಯಾ ಹೇಳ್ರಿ.”

“ಅವರು ದರ್ಜಿ ಅದಾರ್ರಿ. ನನಗ ಹೇಳ್ರಿ.”

ಅವನು ಏನೋ ಗೊಣಗಿದ.

“ಕೇಳಸ್ಲಿಲ್ಲ. ಟೇಪ್ ಸಣ್ಣಗ ಮಾಡಿ ಹೇಳ್ರಿ.”

ಅವನು ಸಣ್ಣಗೆ ಮಾಡಿದ. “ಶುಕ್ರಿಯಾ, ಆಪಾ,” ಎಂದು ಅಕ್ಕನೆಂದೇ ಕರೆದವನು ಜೀಪು ಶುರು ಮಾಡಿ ಬಸವಕಲ್ಯಾಣದ ಕಡೆ ಹೊರಟುಬಿಟ್ಟ.